ಪರದೆಯ ಹಿಂದಿನ ಕಷಾಯ

ಮೊದಲು ನಾನು ನೋಡಿದ್ದು ಒಂದು ಕೈ. ಅಡುಗೆಮನೆಯ ಬಾಗಿಲಿಗೆ ಇಳಿಬಿಟ್ಟ ಪರದೆ ಸ್ವಲ್ಪ ಸರಿಯಿತು, ಅದರ ಸಂದಿಯಿಂದ ಮೊಣಕೈವರೆಗೆ ಒಂದು ಕೈ ಹೊರಗೆ ಬಂತು. ಹಸಿರು ಗಾಜಿನ ಬಳೆ, ಮಣಿಕಟ್ಟಿನ ಹತ್ತಿರ ಎಂದೋ ಸುಟ್ಟ ಗಾಯದ ಕಲೆ, ಹೆಬ್ಬೆರಳಿನ ಉಗುರಿಗೆ ಹತ್ತಿದ ಅರಿಶಿನ. ಕೈಯಲ್ಲಿ ಸ್ಟೀಲ್ ಲೋಟ, ಲೋಟದ ಸುತ್ತ ಮಡಿಸಿ ಹಿಡಿದ ಮಸಿಬಟ್ಟೆ, ಮೇಲೆ ಹಬೆ. ಕೈ ಲೋಟವನ್ನು ಹೊಸಿಲಿನ ಈಚೆ ಇಟ್ಟು ಒಳಗೆ ಹೋಯಿತು.

"ಇದು ಖಾರದ ಸೀನಲ್ಲ ಕಣೇ, ನೆಗಡಿ ಸೀನು. ಬಿಸಿ ಇರುವಾಗಲೇ ಕುಡೀಬೇಕಂತೆ ಅಂತ ಹೇಳು," ಎಂದಿತು ಪರದೆಯ ಹಿಂದಿನ ದನಿ. ಮಾತು ನನ್ನ ಹೆಂಡತಿಗೆ. ಲೋಟ ನನಗೆ.

ಅದು ನಮ್ಮ ಅತ್ತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸ ಅಳಿಯನಾಗಿ ಭದ್ರಾವತಿಗೆ ಹೋಗಿದ್ದೆ. ಮಾವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು, ನ್ಯೂಟೌನ್ ಕಡೆ ಕ್ವಾರ್ಟರ್ಸ್. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ, ಹಿಂದೆ ಸಣ್ಣ ಹಿತ್ತಲು. ಅಷ್ಟು ಸಣ್ಣ ಮನೆಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬರ ಕಣ್ಣಿಗೆ ಬೀಳದೆ ದಿನಗಟ್ಟಲೆ ಇರಬಹುದು ಅನ್ನೋದನ್ನು ನಾನು ಅಲ್ಲಿ ಕಂಡೆ.

ನಮ್ಮ ಕಡೆಯ ಹಳೇ ಮನೆತನಗಳಲ್ಲಿ ಅದೊಂದು ಪದ್ಧತಿ. ಅತ್ತೆಯಾದವಳು ಅಳಿಯನ ಎದುರಿಗೆ ಬಂದು ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು. ನಮ್ಮ ತಾಯಿಯೂ ನಮ್ಮ ಅಕ್ಕನ ಗಂಡನ ಎದುರು ಸೆರಗು ಎಳೆದುಕೊಳ್ಳುತ್ತಿದ್ದಳು. ಆದರೆ ಮೊಮ್ಮಗ ಹುಟ್ಟಿದ ಮೇಲೆ ಅದೆಲ್ಲ ಸಡಿಲವಾಗಿ, "ಊಟಕ್ಕೆ ಏಳಪ್ಪ" ಅಂತ ಅವಳೇ ಕೂಗುವಷ್ಟಕ್ಕೆ ಬಂದಿತ್ತು. ಎಲ್ಲರ ಮನೆಯಲ್ಲೂ ಸಡಿಲವಾದದ್ದು ನಮ್ಮ ಅತ್ತೆಯ ಹತ್ತಿರ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಮದುವೆಯ ದಿನ ನೋಡಿರಬೇಕಲ್ಲ ಅಂತ ನೀವು ಕೇಳಬಹುದು. ಅವರದು ಕೆನ್ನೆವರೆಗೆ ಎಳೆದ ಸೆರಗು, ನನ್ನದು ಕಣ್ಣಿಗೆ ಇಳಿಯುತ್ತಿದ್ದ ಬಾಸಿಂಗ. ಇಬ್ಬರಿಗೂ ಏನೂ ಕಾಣಲಿಲ್ಲ.

ನನಗೆ ಇದು ಚುಚ್ಚಿತು. ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇನ್ನೊಬ್ಬರ ಗಿರಣಿಯಲ್ಲಿ ಮೂಟೆ ಹೊತ್ತು, ಬೆಲ್ಟ್ ಹಾಕಿ, ಬೀಸುವ ಕಲ್ಲಿಗೆ ಕಚ್ಚು ಹಾಕುವುದು ಕಲಿತು, ಶಿವಮೊಗ್ಗದ ಗೋಪಾಳದಲ್ಲಿ ಸ್ವಂತ ಗಿರಣಿ ಹಾಕಿಕೊಂಡಿದ್ದೆ. ಒಂದು ಮೆಷಿನ್ ರಾಗಿ ಗೋಧಿಗೆ, ಇನ್ನೊಂದು ಖಾರಕ್ಕೆ. ಯಾರ ಹಂಗೂ ಇಲ್ಲದೆ ತಲೆಯೆತ್ತಿ ನಿಂತವನು ಅನ್ನೋ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ. ಆದರೆ ಆ ಮನೆಯ ಹಿರಿಯಳಿಯ, ನನ್ನ ಷಡ್ಡಕ, ಡಿಗ್ರಿ ಮಾಡಿದವರು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಆಫೀಸ್ ಕೆಲಸ, ಇಸ್ತ್ರಿ ಹಾಕಿದ ಷರ್ಟು, ಜೇಬಿನಲ್ಲಿ ಪೆನ್ನು. ನನ್ನ ರೆಪ್ಪೆಯ ಮೇಲೆ ಎಷ್ಟು ತೊಳೆದರೂ ಹಿಟ್ಟು. ಪದ್ಧತಿ ಅಂತ ಗೊತ್ತಿದ್ದರೂ ಒಳಗೊಂದು ಹುಳ ಕೊರೆಯುತ್ತಿತ್ತು: ಓದಿದ ಅಳಿಯನ ಹತ್ತಿರವೂ ಹೀಗೆಯೇ ಇರ್ತಾರಾ, ಅಥವಾ ಗಿರಣಿಯವನಿಗೆ ಮಾತ್ರ ಈ ಪರದೆಯಾ?

ಹೆಂಡತಿಯನ್ನು ಕೇಳಿದೆ. "ಭಾವನ ಹತ್ರ ನಿಮ್ಮಮ್ಮ ಮಾತಾಡ್ತಾರಾ?"

"ಅಯ್ಯೋ, ಅವರಿಗೂ ಇದೇ ರೀ."

"ನೀನು ಸುಮ್ನೆ ಹೇಳ್ತೀಯ."

"ಹಂಗಾದ್ರೆ ನೀವೇ ಹೋಗಿ ಕೇಳಿ, ಪರದೆ ಎತ್ತಿ."

ಪರದೆ ಎತ್ತುವ ಧೈರ್ಯ ಯಾರಿಗಿತ್ತು. ಆದರೆ ಮನಸ್ಸಿನಲ್ಲಿ ಒಂದು ಹಠ ಕೂತುಬಿಟ್ಟಿತು. ಈ ಹೆಂಗಸು ಒಂದು ದಿನ ನನ್ನನ್ನೇ ಕರೆದು, ನನಗೇ ಅಂತ ಒಂದು ಮಾತು ಆಡಬೇಕು. ಬೇರೇನೂ ಬೇಡ.

ಮುಖ ನೋಡದೇ ಇದ್ದದ್ದರಿಂದಲೋ ಏನೋ, ಅತ್ತೆ ನನ್ನನ್ನು ಪೂರ್ತಿ ಕಿವಿಯಿಂದಲೇ ತಿಳಿದುಕೊಂಡಿದ್ದರು. ಗಿರಣಿಯವನಿಗೆ ವರ್ಷವಿಡೀ ಸೀನು. ಖಾರ ಕುಟ್ಟಿದ ದಿನವಂತೂ ಮನೆಗೆ ಬಂದ ಮೇಲೂ ಸೀನು. ಹೆಂಡತಿಗೇ ನನ್ನ ನೆಗಡಿ ಯಾವುದು, ಖಾರ ಯಾವುದು ಗೊತ್ತಾಗುತ್ತಿರಲಿಲ್ಲ. ಅತ್ತೆಗೆ ಗೊತ್ತಾಗುತ್ತಿತ್ತು. ಹೊಸಿಲು ದಾಟಿ ಒಂದು ಸಲ ಸೀನಿದರೆ ಸಾಕು, ಒಳಗಿನಿಂದ ತೀರ್ಪು. "ಇದು ಮೆಣಸಿನಕಾಯಿ. ಒಂದು ತುಂಡು ಬೆಲ್ಲ ಕೊಡು, ಸರಿ ಹೋಗುತ್ತೆ." ಇಲ್ಲವೇ, "ಇದು ಗಂಟಲಿಂದ ಬಂದಿದ್ದು. ಅರಿಶಿನ ಸುಡ್ತೀನಿ ಇರು." ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದು ಕೆಂಪಗಾಗಿ ಹೊಗೆಯಾಡತೊಡಗಿದ ಮೇಲೆ ಇಕ್ಕಳದಲ್ಲಿ ಹಿಡಿದು ಪರದೆಯ ಸಂದಿಯಿಂದ ಚಾಚುತ್ತಿದ್ದರು. ನಾನು ಈಚೆ ಮಣೆಯ ಮೇಲೆ ಕೂತು ಮೂಗು ಮುಂದೆ ಮಾಡಿ ಹೊಗೆ ಎಳೆದುಕೊಳ್ಳಬೇಕು. ಕಣ್ಣಲ್ಲಿ ನೀರು ಬರಬೇಕು. ಬರದಿದ್ದರೆ, "ಕಳ್ಳತನ ಮಾಡ್ತಿದ್ದಾರೆ, ಸರಿಯಾಗಿ ಎಳೀಬೇಕಂತೆ ಅಂತ ಹೇಳು."

ಹಿತ್ತಲಲ್ಲಿ ಹಳೇ ಪೇಂಟ್ ಡಬ್ಬದಲ್ಲಿ ದೊಡ್ಡಪತ್ರೆ ಬೆಳೆಸಿದ್ದರು. ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ಜೇನುತುಪ್ಪ ಸೇರಿಸಿದರೆ ಮಕ್ಕಳ ಕಫಕ್ಕೆ. ಓಮವನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದರೆ ಕಟ್ಟಿದ ಮೂಗಿಗೆ. ತಲೆಗೆ ಎರೆದುಕೊಂಡ ಮೇಲೆ ಸಾಂಬ್ರಾಣಿ ಹೊಗೆ. ರಾತ್ರಿ ಊಟಕ್ಕೆ ಮೆಣಸಿನ ಸಾರು, ಅದೂ ಕುಡಿಯುವಷ್ಟು ತೆಳ್ಳಗೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ತಮಿಳು ಅಕ್ಕ ಇದ್ದರು. ದೊಡ್ಡಪತ್ರೆಗೆ ಅವರು ಕರ್ಪೂರವಳ್ಳಿ ಅನ್ನುತ್ತಿದ್ದರು. ಅದು ತಮ್ಮ ಕಡೆಯ ಗಿಡ ಅಂತ ಅವರು, ತಮ್ಮ ತವರಿಂದ ತಂದ ಗಿಡ ಅಂತ ಅತ್ತೆ, ಬೇಲಿಯ ಆಚೆ ಈಚೆ ನಿಂತು ವಾದ. ನಾನು ಹಾಲಿನಲ್ಲಿ ಕೂತು ಕೇಳುತ್ತಿದ್ದೆ.

ಒಂದು ಸಲ ಆ ಅಕ್ಕ ಛೇಡಿಸಿದರು. "ಏನಕ್ಕಾ, ಅಳಿಯನ್ನ ಕಂಡ್ರೆ ಪೊಲೀಸ್ ಬಂದಂಗೆ ಓಡ್ತೀಯಲ್ಲ. ನಾನು ನಮ್ಮ ಅಳಿಯನ್ನ ಎದುರಿಗೆ ಕೂರಿಸ್ಕೊಂಡು ಬೈತೀನಿ, ಗೊತ್ತಾ?"

"ಅದಕ್ಕೇ ಮಾರಾಯ್ತಿ ನಿಮ್ಮ ಅಳಿಯ ದೀಪಾವಳಿಗೂ ಬರಲ್ಲ," ಅಂದರು ಅತ್ತೆ.

ಆ ಅಕ್ಕ ಬಿದ್ದು ಬಿದ್ದು ನಕ್ಕದ್ದು ನನಗೆ ಕೇಳಿಸಿತು. ನಾನೂ ಬಾಯಿಗೆ ಟವೆಲ್ ಹಿಡಿದುಕೊಂಡು ನಕ್ಕೆ. ನಾನು ನಕ್ಕದ್ದು ಹಿತ್ತಲಿಗೆ ಕೇಳಿಸಿರಬೇಕು. ಅತ್ತೆಯ ಬಳೆ ಸದ್ದು ಸರಸರ ಅಡುಗೆಮನೆಗೆ ಓಡಿತು.

ಅದೇ ಸುಮಾರಿನ ಒಂದು ದೀಪಾವಳಿಗೆ ಇಬ್ಬರು ಅಳಿಯಂದಿರಿಗೂ ಕರೆ ಬಂತು. ಎಣ್ಣೆಸ್ನಾನ ಆಯಿತು, ಹೊಸ ಬಟ್ಟೆ ಆಯಿತು, ಸಂಜೆಗೆ ಇಬ್ಬರ ಮೂಗೂ ಸೋರತೊಡಗಿತು. ಷಡ್ಡಕರು ಬ್ಯಾಗಿನಿಂದ ಮಾತ್ರೆ ತೆಗೆದರು. ಒಳಗಿನಿಂದ ಮಾವನಿಗೆ ಅಪ್ಪಣೆ: "ಮಾತ್ರೆ ಆಮೇಲೆ ನುಂಗ್ಲಿ. ನೆಗಡಿ ನೆಂಟ ಇದ್ದಂಗೆ, ಉಪಚಾರ ಮಾಡಿ ಕಳಿಸ್ಬೇಕು, ಕುತ್ತಿಗೆ ಹಿಡಿದು ದೂಡಿದ್ರೆ ಮತ್ತೆ ಬರುತ್ತೆ. ನೀರು ಕಾಯ್ತಾ ಇದೆ." ನೀಲಗಿರಿ ಸೊಪ್ಪು ಹಾಕಿ ಕುದಿಸಿದ ದೊಡ್ಡ ಪಾತ್ರೆಯನ್ನು ಮಾವ ತಂದು ಹಾಲಿನ ನಡುವೆ ಇಟ್ಟರು. ಒಂದು ಕಂಬಳಿ. "ಒಂದೇ ಸಾಕು, ಇಬ್ಬರೂ ಒಟ್ಟಿಗೆ ಕೂತ್ಕೊಳ್ಳಲಿ. ಎರಡು ಸಲ ಕಾಯಿಸೋಕೆ ಸೌದೆ ಏನು ಆಕಾಶದಿಂದ ಬೀಳುತ್ತಾ?"

ನಾವಿಬ್ಬರೂ ಅದುವರೆಗೆ "ಹೇಗಿದ್ದೀರಿ, ಚೆನ್ನಾಗಿದ್ದೀರಾ" ಬಿಟ್ಟರೆ ಬೇರೆ ಮಾತಾಡಿದವರಲ್ಲ. ಅವರ ಓದು ನನಗೆ ಅಡ್ಡ, ನನ್ನ ಬಿಗುಮಾನ ಅವರಿಗೆ ಅಡ್ಡ. ಕಂಬಳಿಯ ಕತ್ತಲಲ್ಲಿ, ಹಬೆಯಲ್ಲಿ, ಇಬ್ಬರ ಹಣೆಯೂ ಒಂದಕ್ಕೊಂದು ತಾಗುತ್ತಿತ್ತು. ಇಬ್ಬರೂ ಜೋರಾಗಿ ಮೂಗು ಎಳೆದುಕೊಂಡೆವು. ಆಮೇಲೆ ಅವರೇ ಪಿಸುಗುಟ್ಟಿದರು.

"ನಿಮ್ಮ ಹತ್ರನಾದ್ರೂ ಅತ್ತೆ ಮಾತಾಡ್ತಾರೇನ್ರೀ?"

"ಇಲ್ಲ. ನಿಮ್ಮ ಹತ್ರ?"

"ನನ್ನ ಹತ್ರ ಒಂದು ಸಲ ಮಾತಾಡಿದ್ರು, ಬೆಕ್ಕಿನ ಮುಖಾಂತರ."

"ಬೆಕ್ಕಾ?"

"ಮನೇಲಿ ಯಾರೂ ಇರ್ಲಿಲ್ಲ. 'ಏ ಬೆಕ್ಕೇ, ಉಪ್ಪಿಟ್ಟು ಆರ್ತಾ ಇದೆ ಅಂತ ಹೇಳು' ಅಂದ್ರು. ನಾನು, 'ಬರ್ತೀನಿ ಅಂತ ಹೇಳು' ಅಂದೆ. ಬೆಕ್ಕು ಎದ್ದು ಹೋಯ್ತು."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಹತ್ತಿತು. ಕಂಬಳಿಯೊಳಗೆ ಇಬ್ಬರೂ ಕೆಮ್ಮಿಕೊಂಡು ನಗತೊಡಗಿದೆವು. ಹೊರಗಿನಿಂದ ಮಾವ, "ಏನ್ರಪ್ಪಾ, ಉಸಿರು ಕಟ್ತಾ?" ಅಂದರು. ಆವತ್ತಿನಿಂದ ಷಡ್ಡಕರೂ ನಾನೂ ಅಣ್ಣತಮ್ಮಂದಿರ ಹಾಗಾದೆವು. ಒಳಗಿನ ಹುಳವೂ ಸತ್ತಿತು. ಡಿಗ್ರಿಗೂ ಪರದೆ, ಗಿರಣಿಗೂ ಪರದೆ. ಆದರೆ ಹಠ ಉಳಿಯಿತು. ಈಗ ಅದಕ್ಕೆ ಸ್ವಲ್ಪ ಪೈಪೋಟಿಯೂ ಸೇರಿತು: ಬೆಕ್ಕಿಲ್ಲದೆ ಮೊದಲು ಯಾರ ಹತ್ತಿರ ಮಾತಾಡ್ತಾರೆ, ನೋಡೋಣ.

ಮಾವ ರಿಟೈರಾಗಿ, ಕ್ವಾರ್ಟರ್ಸ್ ಬಿಟ್ಟು ಹಳೇನಗರದಲ್ಲಿ ಒಂದು ಮನೆ ಮಾಡಿದರು. ಹೊಸ ಮನೆಯಲ್ಲೂ ಅಡುಗೆಮನೆಗೆ ಪರದೆ ಮೊದಲು ಬಂತು, ಕುರ್ಚಿ ಆಮೇಲೆ. ಆ ಮನೆಗೆ ಫೋನ್ ಹಾಕಿಸಿದರು. ನಾನೂ ಗಿರಣಿಗೆ ಫೋನ್ ತಗೊಂಡೆ. ಗಿರಣಿಯ ಹಿಂದೆಯೇ ನಮ್ಮ ಮನೆಯಾದ್ದರಿಂದ ಎರಡಕ್ಕೂ ಅದೇ ಫೋನ್. ಮಗಳ ಹತ್ತಿರ ಮಾತಾಡಬೇಕು ಅಂತ ಅತ್ತೆ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ಎತ್ತುವವನು ನಾನು.

"ಹಲೋ, ಯಾರು?"

ಆ ಕಡೆ ಉಸಿರು. ಬಳೆ ಸದ್ದು. ಆಮೇಲೆ ಕಟ್.

ಒಂದೆರಡು ದಿನ ಅರ್ಥವಾಗಲಿಲ್ಲ. ಎದುರಿನ ಟೀ ಅಂಗಡಿಯವನು, "ಏನ್ ಯಜಮಾನ್ರೇ, ಮಧ್ಯಾಹ್ನ ಮಧ್ಯಾಹ್ನ ಫೋನು, ಮಾತೇ ಇಲ್ಲ? ಮನೆಯವರಿಗೆ ಗೊತ್ತಾ?" ಅಂತ ಕಣ್ಣು ಮಿಟುಕಿಸಿದ. ಅವನನ್ನು ಬೈದು ಕಳಿಸಿದ ಮೇಲೆ ಬಳೆಯ ಸದ್ದು ಹೊಳೆಯಿತು. ಅಲ್ಲಿಂದ ಮೇಲೆ ಉಸಿರು ಕೇಳಿದ ತಕ್ಷಣ ನಾನು ಏನೂ ಮಾತಾಡದೆ ರಿಸೀವರ್ ಪಕ್ಕಕ್ಕಿಟ್ಟು, "ನಿಮ್ಮಮ್ಮ" ಅಂತ ಹಿಂದಕ್ಕೆ ಕೂಗುತ್ತಿದ್ದೆ. ಫೋನಿನಲ್ಲಿ ಅತ್ತೆ ಅಳಿಯ ಏನು ಮಾಡಬೇಕು ಅಂತ ಯಾವ ಹಿರಿಯರೂ ಹೇಳಿಹೋಗಿರಲಿಲ್ಲ. ನಾವೇ ಒಂದು ದಾರಿ ಮಾಡಿಕೊಂಡಿದ್ದೆವು.

ಆ ದಾರಿ ಮುರಿದದ್ದು ನನ್ನ ಮಗಳ ಕೆಮ್ಮಿನಿಂದ. ಮಗು ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಎರಡು ದಿನದಿಂದ ನೆಗಡಿ, ದೊಡ್ಡಪತ್ರೆ ರಸ ಹಾಕಿದ್ದೆವು, ಎದೆಗೆ ವೀಳ್ಯದೆಲೆ ಕಾಯಿಸಿ ಇಟ್ಟಿದ್ದೆವು. ಹೆಂಡತಿ ಅಂಗಡಿಗೆ ಹೋಗಿದ್ದಳು, ಮಗು ನನ್ನ ಹೆಗಲ ಮೇಲಿತ್ತು. ಕರೆಂಟ್ ಹೋಗಿ ಮೆಷಿನ್ ನಿಂತಿತ್ತು. ಫೋನ್ ಬಂತು. ಎತ್ತಿದೆ, ಉಸಿರು. "ಅವಳು ಮನೇಲಿಲ್ಲ," ಅಂದೆ. ಆಗ ಮಗು ಕೆಮ್ಮಿತು.

ಆ ಕಡೆ ಕಟ್ ಆಗಲಿಲ್ಲ.

"ಇನ್ನೊಂದು ಸಲ ಕೆಮ್ಮಲಿ. ಫೋನು ಮಗುವಿನ ಬಾಯಿ ಹತ್ರ ಹಿಡೀರಿ."

ಮಗುವನ್ನು ಹೆಗಲಿಂದ ತೊಡೆಗೆ ಇಳಿಸಿಕೊಂಡು ರಿಸೀವರ್ ಹಿಡಿದೆ. ಮಗು ಮತ್ತೆ ಕೆಮ್ಮಿತು, ಉಸಿರೆಳೆಯಿತು.

"ಎದೇಲಿ ಸಿಳ್ಳೆ ಬರ್ತಿದೆ. ಇದು ಮೂಗಿನ ನೆಗಡಿ ಅಲ್ಲ. ನನ್ನ ಕಷಾಯ, ಎಲೆ, ಯಾವುದೂ ಬೇಡ. ಡಾಕ್ಟ್ರ ಹತ್ರ ಹೋಗಿ. ಈಗ್ಲೇ. ಅವಳು ಬರ್ಲಿ ಅಂತ ಕಾಯಬೇಡಿ."

ಗಿರಣಿಗೆ ಬಾಗಿಲು ಕೂಡ ಹಾಕದೆ ಓಡಿದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಉಸಿರಿನ ದಾರಿ ಕಟ್ಟಿಕೊಂಡಿದೆ, ಬಂದದ್ದು ಒಳ್ಳೆಯದಾಯಿತು ಅಂದರು. ಮಗು ಅಲ್ಲಿಯೇ ಎರಡು ದಿನ ಇದ್ದು ಗೆಲುವಾಯಿತು. ವಾಪಸ್ ಬಂದು ಗಿರಣಿಯ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು, ಅತ್ತೆ ನನ್ನ ಹತ್ತಿರ ಮಾತಾಡಿಬಿಟ್ಟರಲ್ಲ. ಅಷ್ಟು ವರ್ಷ ಕಾದ ಮಾತು ಬಂದಾಗ ಸಂತೋಷಪಡುವುದಕ್ಕೂ ಪುರುಸೊತ್ತಿರಲಿಲ್ಲ.

ಒಮ್ಮೆ ಮುರಿದದ್ದು ಮತ್ತೆ ಕೂಡಲಿಲ್ಲ. ಫೋನಿನಲ್ಲಿ ಅತ್ತೆ ಮಾತಾಡತೊಡಗಿದರು. ಅದೂ ಎಂಥ ಮಾತು. ನಾನು "ಹಲೋ" ಅನ್ನುವಷ್ಟರಲ್ಲಿ, "ಮೂಗು ಕಟ್ಟಿದೆ. ನಿನ್ನೆ ತಲೆಗೆ ಸ್ನಾನ ಮಾಡಿ ಗಾಳೀಲಿ ನಿಂತಿದ್ರಾ?" ಅನ್ನುವರು. ನಿಂತಿರುತ್ತಿದ್ದೆ. ಕಷಾಯ ಮಾಡುವುದನ್ನೂ ನನಗೇ ಹೇಳಿಕೊಟ್ಟರು, ಮಗಳಿಗಲ್ಲ. "ಅವಳು ಅವಸರದವಳು, ಹುರಿಯೋದರಲ್ಲೇ ಕೆಡಿಸ್ತಾಳೆ. ಕೊತ್ತಂಬರಿ ಬೀಜ ಒಂದು ಹಿಡಿ, ಜೀರಿಗೆ ಅದರಲ್ಲಿ ಅರ್ಧ, ಮೆಣಸು ನಾಲಿಗೆಗೆ ಗೊತ್ತಾಗುವಷ್ಟು, ಒಣಶುಂಠಿ ಒಂದು ತುಂಡು. ಘಮ ಬರೋವರೆಗೆ ಹುರೀರಿ."

"ಮೂಗು ಕಟ್ಟಿದೆಯಲ್ಲ ಅತ್ತೆ, ಘಮ ಹೆಂಗೆ ಗೊತ್ತಾಗುತ್ತೆ?"

"ಟೀ ಅಂಗಡಿಯವನನ್ನ ಕರೆದು ಕೇಳಿ. ಬೇರೆಯವರ ಮನೆ ಫೋನ್ ವಿಷಯ ಎಲ್ಲ ಗೊತ್ತಿರುತ್ತಲ್ಲ ಅವನಿಗೆ."

ನನ್ನ ಹೆಂಡತಿ ಅದನ್ನೂ ಅಮ್ಮನಿಗೆ ಹೇಳಿದ್ದಳು ಅಂತಾಯಿತು.

ಆ ಪುಡಿ ನಮ್ಮ ಗಿರಣಿಯಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ, ಅದನ್ನು ಪೊಟ್ಟಣ ಮಾಡಿ ಮಾರೋಣ ಅಂತ ನನಗೆ ಆಸೆ ಹತ್ತಿತು. ಗೋಪಾಳದಲ್ಲಿ ಹೊಸ ಹೊಸ ಮನೆ ಏಳುತ್ತಿದ್ದವು, ಎಲ್ಲ ನೌಕರಿಯವರು, ಹುರಿದು ಕುಟ್ಟುವುದಕ್ಕೆ ಯಾರಿಗೂ ಸಮಯವಿಲ್ಲ. ಫೋನಿನಲ್ಲಿ ಕೇಳಿದೆ. ಅತ್ತೆ ಒಂದು ಪಟ್ಟಿಯನ್ನೇ ಒಪ್ಪಿಸಿದರು.

"ಒಣ ಕೆಮ್ಮು ಇರೋರಿಗೆ ಶುಂಠಿ ಕಮ್ಮಿ. ಪಿತ್ತದವರಿಗೆ ಮೆಣಸು ಕಮ್ಮಿ. ಬಾಣಂತಿಗೆ ಬೇರೆ, ಮುದುಕರಿಗೆ ಬೇರೆ. ಕೆಮ್ಮು ಕೇಳಿ ಅಲ್ವಾ ಕಷಾಯ ಇಡೋದು. ನಿಮ್ಮ ಪೊಟ್ಟಣಕ್ಕೆ ಕಿವಿ ಇರುತ್ತಾ?"

ಅಲ್ಲಿಗೆ ಆ ವ್ಯಾಪಾರ ಮುಗಿಯಿತು. ಆದರೆ ಕೆಳದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು: "ನೀವು ಕಳಿಸಿದ್ದ ಪುಡಿ ನುಣ್ಣಗೆ ಬಂದಿತ್ತು. ಪಕ್ಕದ ಮನೆಯವರಿಗೂ ಕೊಟ್ಟೆ. ನಮ್ಮ ಅಳಿಯಂದ್ರ ಗಿರಣೀದು ಅಂದೆ." ಆವತ್ತು ಇಡೀ ದಿನ ನನ್ನ ಮೆಷಿನ್ ಬೇರೆಯೇ ರಾಗದಲ್ಲಿ ಓಡಿತು ಅಂತ ನನಗನ್ನಿಸಿತು.

ವಿಚಿತ್ರ ಅಂದರೆ, ಭದ್ರಾವತಿಗೆ ಹೋದರೆ ಮತ್ತೆ ಅದೇ ಪರದೆ, ಅದೇ ಕೈ. ಫೋನಿನಲ್ಲಿ ಬೆಳಿಗ್ಗೆ ನನ್ನನ್ನು ಗದರಿಸಿದ ಹೆಂಗಸು ಮಧ್ಯಾಹ್ನ ನಾನು ಬಸ್ಸಿಳಿದು ಹೋದರೆ, "ಕೈಕಾಲು ತೊಳೀಲಿ ಅಂತ ಹೇಳಿ" ಅಂತ ಮಾವನಿಗೆ ಹೇಳುವರು. ನಾನು ಒಂದು ದಿನ ಫೋನಿನಲ್ಲೇ ಕೇಳಿಬಿಟ್ಟೆ. "ಇಲ್ಲಿ ಇಷ್ಟು ಮಾತಾಡ್ತೀರ. ಎದುರಿಗೆ ಬಂದ್ರೆ ಏನಾಗುತ್ತೆ ಅತ್ತೆ?"

"ನಮ್ಮಮ್ಮ ಒಂದು ಮಾತು ಹೇಳ್ತಿದ್ಲು. ಅಳಿಯನ ಮುಖ ನೋಡಬೇಡ, ಹೊಟ್ಟೆ ನೋಡು ಅಂತ. ಮುಖ ನೋಡಿದ್ರೆ ಸಿಟ್ಟೂ ಕಾಣುತ್ತೆ, ಸಸಾರವೂ ಕಾಣುತ್ತೆ. ಕಂಡ ಮೇಲೆ ಸುಮ್ನಿರೋಕಾಗಲ್ಲ, ಒಂದು ಮಾತು ಬರುತ್ತೆ. ಆ ಮಾತು ಮಗಳ ಮೇಲೆ ಹೋಗಿ ಬೀಳುತ್ತೆ. ನಾನು ಇಬ್ಬರು ಹೆಣ್ಣುಮಕ್ಕಳನ್ನ ಕೊಟ್ಟಿದ್ದೀನಿ. ನೋಡದೇ ಇದ್ದದ್ದಕ್ಕೆ ನನ್ನ ಇಬ್ಬರು ಅಳಿಯಂದ್ರೂ ಚಿನ್ನ."

"ನಾನು ಅಷ್ಟು ಸಿಟ್ಟಿನವನಲ್ಲ," ಅಂದೆ.

"ಗೊತ್ತು. ಸೀನೋದರಲ್ಲೇ ಗೊತ್ತಾಗುತ್ತೆ," ಅಂದು ಇಟ್ಟುಬಿಟ್ಟರು.

ಹೀಗೆ ವರ್ಷಗಳು ಹೋದವು. ಮಾವ ತೀರಿಕೊಂಡರು. ನಮ್ಮ ಜೊತೆ ಬಂದಿರಿ ಅಂತ ನಾವೂ ಕರೆದೆವು, ಷಡ್ಡಕರೂ ಕರೆದರು. "ಅಳಿಯನ ಮನೇಲಿ ಪರದೆ ಎಲ್ಲಿ ಕಟ್ಟೋದು?" ಅಂತ ನಗಾಡಿ, ಹಳೇನಗರದಲ್ಲೇ ಉಳಿದರು. ಮೇಲಿನ ಮನೆಯ ಬಾಡಿಗೆ ಸಂಸಾರ ಜೊತೆಗಿತ್ತು, ಹೆಣ್ಣುಮಕ್ಕಳಿಬ್ಬರೂ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಮಧ್ಯಾಹ್ನದ ಫೋನ್ ಮಾತ್ರ ತಪ್ಪಲಿಲ್ಲ. ಬರುಬರುತ್ತಾ ಅದು ಮಗಳಿಗಿಂತ ನನಗೇ ಬರುತ್ತಿತ್ತೇನೋ ಅನ್ನಿಸುತ್ತಿತ್ತು. ಕರೆಂಟ್ ಹೋಗುವ ಹೊತ್ತು ನೋಡಿ ಮಾಡುತ್ತಿದ್ದರು, ಮೆಷಿನ್ ಸದ್ದಿರಲ್ಲ ಅಂತ.

ಒಂದು ಚಳಿಗಾಲ, ಎರಡು ಸಾವಿರದ ಐದಾರನೇ ಇಸವಿ ಇರಬೇಕು, ಫೋನೆತ್ತಿದಾಗ ಅತ್ತೆಯ ದನಿ ನನಗೆ ಹಿಡಿಸಲಿಲ್ಲ. ಕಟ್ಟಿದ ದನಿ ಆಗಿದ್ದರೆ ನೆಗಡಿ ಅನ್ನಬಹುದಿತ್ತು. ಇದು ಹಾಗಲ್ಲ, ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು.

"ಅತ್ತೆ, ನಿಮ್ಮ ದನಿ ಸರಿಯಿಲ್ಲ."

"ಸ್ವಲ್ಪ ಶೀತ. ಕಷಾಯ ಕುಡಿದಿದ್ದೀನಿ."

"ಒಂದು ಸಲ ಕೆಮ್ಮಿ."

"ಥೂ, ಸುಮ್ನಿರಿ."

"ಕೆಮ್ಮಿ ಅತ್ತೆ."

ಕೆಮ್ಮಿದರು. ನಾನು ಡಾಕ್ಟರಲ್ಲ, ಏಳನೇ ಕ್ಲಾಸು. ಆದರೆ ಆ ಕೆಮ್ಮಿನ ತಳದಲ್ಲಿ ಏನೋ ಒಡೆದ ಸದ್ದಿತ್ತು. "ಇದು ಮೂಗಿಂದಲ್ಲ. ನಾನು ಬರ್ತಿದ್ದೀನಿ," ಅಂದೆ. ಗೋಧಿ ಮೂಟೆ ಹಾಗೇ ಬಿಟ್ಟು, ಗುರುತಿನವರ ಕಾರು ಹಿಡಿದು, ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಅತ್ತೆಯನ್ನು ಶಿವಮೊಗ್ಗಕ್ಕೆ ಕರೆತಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಕಾರಿನಲ್ಲೂ ನಾನು ಮುಂದಿನ ಸೀಟು, ಅವರು ಹಿಂದೆ, ತಲೆತುಂಬ ಸೆರಗು. ಎರಡೂ ಕಡೆ ಶ್ವಾಸಕೋಶಕ್ಕೆ ಸೋಂಕು ಇಳಿದಿದೆ, ವಯಸ್ಸೂ ಆಗಿದೆ ಅಂದರು ಡಾಕ್ಟರು.

ವಾರ್ಡಿನಲ್ಲಿ ಹೆಣ್ಣುಮಕ್ಕಳಿಬ್ಬರೂ ಸರದಿಯ ಮೇಲೆ ಇದ್ದರು. ನಾನು ಬಾಗಿಲ ಹೊರಗೆ, ಬೆಂಚಿನ ಮೇಲೆ. ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಹೆಂಗಸಿಗೆ ಸೆರಗು ನಿಲ್ಲುತ್ತಿರಲಿಲ್ಲ. ಒಳಗೆ ಹೋದರೆ ಅವರಿಗೆ ಹಿಂಸೆ ಅಂತ ನನಗೆ ಗೊತ್ತಿತ್ತು. ಒಳಗಿನ ಕೆಮ್ಮನ್ನು ಹೊರಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಈ ಸಲ ಏನು ಕುದಿಸಿ ಕೊಡಬೇಕು ಅಂತ ಕೇಳಲು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಗಂಜಿ ತರಲು ಮನೆಗೆ ಹೋಗಿದ್ದಳು. ನರ್ಸಮ್ಮ ಹೊರಗೆ ಬಂದರು. "ನೀವು ಮಗನಾ?"

"ಅಳಿಯ."

"ಯಾರಾದ್ರೇನು, ಬನ್ನಿ. ಹಬೆ ಕೊಡಬೇಕು, ಎತ್ತಿ ಕೂರಿಸ್ಕೊಂಡು ಹಿಡ್ಕೊಳ್ಳಿ. ಒಬ್ಬಳ ಕೈಲಿ ಆಗಲ್ಲ."

ತಲೆ ತಗ್ಗಿಸಿಕೊಂಡು ಹೋದೆ. ಬೆನ್ನಿಗೆ ಕೈ ಕೊಟ್ಟು ಎತ್ತಿದೆ. ಮೂಟೆ ಎತ್ತುವ ಕೈ ನನ್ನದು. ಅಷ್ಟು ಹಗುರಾದದ್ದನ್ನು ಎತ್ತಿ ಅದಕ್ಕೆ ಅಭ್ಯಾಸವಿರಲಿಲ್ಲ. ಹೆಗಲಿಗೆ ಒರಗಿಸಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತೆ. ಕೆಳಗೆ ರಸ್ತೆಯಲ್ಲಿ ಕಬ್ಬಿನ ಹಾಲಿನ ಗಾಡಿಯವನು ಕಬ್ಬು ಹೆರೆಯುತ್ತಿದ್ದ. ಅವನನ್ನೇ ನೋಡುತ್ತಿದ್ದೆ. ಹಬೆ ಕೊಡುವ ಮೆಷಿನ್ ಗುರ್ ಅಂತಿತ್ತು. ನರ್ಸಮ್ಮ ಮಾಸ್ಕ್ ಹಿಡಿಸಿ ಇನ್ನೊಂದು ಮಂಚದ ಕಡೆ ಹೋದರು.

"ಇದರಲ್ಲಿ ನೀಲಗಿರಿ ವಾಸನೇನೇ ಇಲ್ಲ," ಅಂದರು ಅತ್ತೆ ಮಾಸ್ಕ್ ಒಳಗಿಂದ.

ಫೋನಿಲ್ಲದೆ, ಮಾವ ಇಲ್ಲದೆ, ಬೆಕ್ಕಿಲ್ಲದೆ, ನನ್ನ ಕಿವಿಯ ಪಕ್ಕದಲ್ಲೇ ಆಡಿದ ಮೊದಲ ಮಾತು ಅದು.

"ಹೇಳ್ತೀನಿ ಅತ್ತೆ, ನಾಳೆಯಿಂದ ಹಾಕಲಿ," ಅಂದೆ.

ಸ್ವಲ್ಪ ಹೊತ್ತು ಬಿಟ್ಟು, "ಕತ್ತು ನೋಯಲ್ವಾ? ಈ ಕಡೆ ತಿರುಗಿ. ಇನ್ನೇನಿದೆ, ನೋಡಿದ್ರೂ ಆಗುತ್ತೆ," ಅಂದರು.

ನಾನು ತಿರುಗಲಿಲ್ಲ. ಇಷ್ಟು ವರ್ಷ ಅದಕ್ಕೇ ಕಾದವನು ಯಾಕೆ ತಿರುಗಲಿಲ್ಲ ಅಂದರೆ ಹೇಳುವುದು ಕಷ್ಟ. ಒಬ್ಬ ಹೆಂಗಸು ಇಡೀ ಆಯಸ್ಸು ಕಟ್ಟಿ ಕಾದುಕೊಂಡ ಪದ್ಧತಿಯನ್ನು, ಮೈಯಲ್ಲಿ ಬಲ ಇಲ್ಲದ ದಿನ ತಾನೇ ಬಿಟ್ಟುಕೊಡುತ್ತಿದ್ದಾಳೆ. ಅದನ್ನು ತೆಗೆದುಕೊಳ್ಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. "ಪರವಾಗಿಲ್ಲ ಅತ್ತೆ, ಹಿಂಗೇ ಸರಿ ಇದೆ," ಅಂದೆ.

ಬೆನ್ನು ಸಣ್ಣಗೆ ಅಲುಗಿತು. ನಕ್ಕರೋ ಕೆಮ್ಮಿದರೋ. "ನನ್ನ ಹಠ ನಿಮಗೂ ಅಂಟ್ತಲ್ಲ," ಅಂದರು. ಹಬೆ ಮುಗಿಯುವವರೆಗೆ ನಾನು ಕಿಟಕಿಯ ಆಚೆಯೇ ನೋಡುತ್ತಿದ್ದೆ. ಕಬ್ಬಿನ ಹಾಲಿನವನ ಹತ್ತಿರ ಇಬ್ಬರು ಹುಡುಗಿಯರು ಬಂದು ಕುಡಿದು ಹೋದರು.

ಅದೇ ವಾರದಲ್ಲಿ ಅತ್ತೆ ಹೋದರು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಬಂದವರೆಲ್ಲ ಮುಖ ನೋಡಲಿ ಅಂತ. ಹಳೇನಗರದ ಮನೆಯ ಹಾಲಿನಲ್ಲಿ ಹಾಗೆ ಕೂರಿಸಿದ್ದರು. ಜನ ಸಾಲಾಗಿ ಬಂದು ನೋಡಿ, ಕೈಮುಗಿದು ಹೋಗುತ್ತಿದ್ದರು. ನನ್ನ ಸರದಿ ಬಂತು. ಷಡ್ಡಕರು ನನ್ನ ಪಕ್ಕದಲ್ಲಿದ್ದರು. ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು.

ಪುಟ್ಟ ಮುಖ. ನಾನು ಅಂದುಕೊಂಡಿದ್ದಕ್ಕಿಂತ ಪುಟ್ಟದು. ಕೆನ್ನೆಯ ಮೇಲೆ ಸಿಡುಬಿನ ಸಣ್ಣ ಗುಳಿಗಳು, ಕೂಡಿದ ಹುಬ್ಬು, ಒಂದು ಕಡೆ ಸ್ವಲ್ಪ ಮೇಲೆದ್ದ ತುಟಿ. ಒಳ್ಳೆಯ ಮುಖ. ಆದರೆ ನನಗೆ ಪರಿಚಯದ್ದಲ್ಲ. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಕೂತಿದ್ದರೆ ನಾನು ಇವರನ್ನು ಗುರುತಿಸುತ್ತಿರಲಿಲ್ಲ. ಷಡ್ಡಕರು ನನ್ನ ಕೈ ಹಿಡಿದುಕೊಂಡರು. "ಹಿಂಗಿದ್ರೇನ್ರೀ," ಅಂದರು, ಅಷ್ಟೇ. ಅವರ ಮೂಗು ಸೋರುತ್ತಿತ್ತು. ನನ್ನದೂ.

ಈಗ ಆ ಮುಖ ನಮ್ಮನೆಯ ಗೋಡೆಯ ಮೇಲಿದೆ, ಗಂಧದ ಹಾರ ಹಾಕಿದ ಫೋಟೋ. ಮಗಳ ಗೆಳತಿಯರು ಬಂದರೆ, "ಅಜ್ಜಿ ನಿನ್ನ ಹಂಗೇ ಇದ್ದಾರೆ ಕಣೇ" ಅನ್ನುತ್ತಾರೆ. ಇರಬಹುದು. ಗಿರಣಿಯ ಮೆಷಿನ್ ಈಗಲೂ ಓಡುತ್ತದೆ, ನನಗೆ ಈಗಲೂ ನೆಗಡಿಯಾಗುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ನಾನೇ ಹುರಿದುಕೊಳ್ಳುತ್ತೇನೆ. ರುಚಿ ಸರಿಯಾಗಿಯೇ ಬರುತ್ತದೆ. ಕುಡಿದ ಮೇಲೂ ಕಿವಿ ಸ್ವಲ್ಪ ಹೊತ್ತು ಒಂದು ಮಾತಿಗೆ ಕಾಯುತ್ತದೆ. ಇದು ಖಾರದ್ದೋ ನೆಗಡಿಯೋ ಅಂತ ಹೇಳುವವರಿಲ್ಲದೆ ನಾನು ಸೀನುತ್ತೇನೆ.

ಹಬ್ಬದ ದಿನ ಹೆಂಡತಿ ಫೋಟೋಗೆ ಹೂವಿಟ್ಟು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾಳೆ. ಒಂದು ಸಲ ಕೇಳಿದಳು, "ಎಲ್ಲರೂ ಅಮ್ಮನ ಮುಖ ನೋಡಿ ಕೈಮುಗಿದ್ರೆ, ನೀವು ಮಾತ್ರ ಯಾವಾಗ್ಲೂ ಕಣ್ಣು ಮುಚ್ಚಿಕೊಂಡು ನಿಲ್ತೀರಲ್ಲ?"

ಭಕ್ತಿ ಕಣೇ, ಅಂದೆ. ಕಣ್ಣು ಬಿಟ್ಟರೆ ಅಲ್ಲಿ ಯಾರೋ ಹೆಂಗಸು ಇರ್ತಾರೆ ಅಂತ ಅವಳಿಗೆ ಹೇಗೆ ಹೇಳಲಿ.